ಪಾಠಕ್ಕೆ ಮುಂಚಿನ ಬೆಂಕಿಗಳು

ನಮ್ಮೂರಿನಲ್ಲಿ ಬೆಂಕಿ ಬಿದ್ದರೆ ಯಾರಿಗೂ ಹೇಳುವ ಪದ್ಧತಿ ಇರಲಿಲ್ಲ. ಅದು ಗಂಡ ಹೆಂಡಿರ ಜಗಳದ ಹಾಗೆ, ಮನೆಯೊಳಗಿನ ವಿಷಯ. ನಿಮ್ಮ ಹಿತ್ತಲಿನ ಕಸದ ಗುಡ್ಡೆಯಿಂದ ಕಿಡಿ ಹಾರಿ ಬೇಲಿಯಾಚೆಯ ಒಣಹುಲ್ಲಿಗೆ ತಗುಲಿತು ಅನ್ನಿ. ನೀವು ಅಣ್ಣನನ್ನೋ ಭಾವನನ್ನೋ ಮೆಲ್ಲಗೆ ಕರೆಯುತ್ತೀರಿ, ಒದ್ದೆ ಗೋಣಿಚೀಲದಿಂದ ಬಡಿಯುತ್ತೀರಿ, ಸುಟ್ಟ ಜಾಗದ ಮೇಲೆ ಎರಡು ಬುಟ್ಟಿ ಮಣ್ಣು ಚೆಲ್ಲುತ್ತೀರಿ, ಕೈಕಾಲು ತೊಳೆದು ಏನೂ ಆಗದವರ ಹಾಗೆ ಅಂಗಡಿಗೆ ಹೋಗಿ ಸಕ್ಕರೆ ತರುತ್ತೀರಿ. ಅಂಗಡಿಯಲ್ಲಿದ್ದವರೆಲ್ಲ ಹೊಗೆ ನೋಡಿರುತ್ತಾರೆ. ನಿಮ್ಮ ಒಂದು ಹುಬ್ಬು ಇಲ್ಲದಿರುವುದನ್ನೂ ನೋಡುತ್ತಾರೆ. ಕೇಳುವುದಿಲ್ಲ. "ಸೆಖೆ ಜಾಸ್ತಿ ಅಲ್ವಾ?" ಅನ್ನುತ್ತಾರೆ. "ಹೌದು, ಜಾಸ್ತಿ" ಅನ್ನುತ್ತೀರಿ. ಅಲ್ಲಿಗೆ ಮುಗಿಯಿತು. ಬೆಂಕಿಯ ಬಗ್ಗೆ ಕೇಳುವವನು ಮರ್ಯಾದೆಗೆಟ್ಟವನು. ತಾನಾಗಿಯೇ ಹೇಳಿಕೊಳ್ಳುವವನು ಅವನಿಗಿಂತ ಒಂದು ತೂಕ ಹೆಚ್ಚು.

ಊರೆಂದರೆ ಗುಡ್ಡದ ಮೈಗೆ ಹತ್ತಿಕೊಂಡ ಒಂದೇ ಬೀದಿ. ಮೇಲಿನ ತುದಿಯಲ್ಲಿ ಶಾಲೆ, ಅದರಾಚೆ ಹುಲ್ಲು, ಹುಲ್ಲಿನಾಚೆ ಕಾಡು. ಆ ಹುಲ್ಲು ವರ್ಷಕ್ಕೆ ನಾಲ್ಕು ತಿಂಗಳು ಹಸಿರು, ಉಳಿದ ಎಂಟು ತಿಂಗಳು ಬೆಂಕಿಪೊಟ್ಟಣ. ಆ ದಿನಗಳಲ್ಲಿ ಅಗ್ನಿಶಾಮಕದ ಲಾರಿ ನಮ್ಮೂರಿಗೆ ಬಂದದ್ದು ಎರಡೇ ಸಲ. ಎರಡು ಸಲವೂ ನಾವು ಕರೆದಿರಲಿಲ್ಲ. ಗುಡ್ಡವೇ ಹತ್ತಿಕೊಂಡು ಉರಿಯುವುದನ್ನು ಇಪ್ಪತ್ತೆರಡು ಕಿಲೋಮೀಟರ್ ದೂರದ ಪಟ್ಟಣದಿಂದ ನೋಡಿ, ಕರೆಯದ ನೆಂಟರ ಹಾಗೆ ಅವರೇ ಬಂದಿದ್ದರು. "ಯಾಕೆ ಫೋನ್ ಮಾಡಲಿಲ್ಲ?" ಎಂದು ಲಾರಿಯವರು ಕೇಳಿದಾಗ ನಾವು ಸೆಖೆ ಜಾಸ್ತಿ ಎಂದೆವು.

ಇಂಥ ಊರಿಗೆ ಎರಡು ವರ್ಷದ ಹಿಂದೆ ಕಾಡ್ಗಿಚ್ಚು ತಡೆಯುವ ಪಾಠ ಬಂತು. ಪಟ್ಟಣದ ಟ್ರಸ್ಟೊಂದು ಹಣ ಕೊಟ್ಟು, ಪಾಠ ಹೇಳಲು ಊರಿನವರೇ ಒಬ್ಬರು ಬೇಕೆಂದಿತು. ಟೈಲರ್ ಮನೆಯ ಸೊಸೆ ಅರ್ಜಿ ಹಾಕಿದಳು. ಅಲ್ಲಿಯವರೆಗೆ ಅವಳು ಪಟ್ಟಣದ ಬಟನ್ ಫ್ಯಾಕ್ಟರಿಯಲ್ಲಿ ಎರಡು ತೂತಿನ ಬಟನ್ನುಗಳನ್ನು ನಾಲ್ಕು ತೂತಿನವುಗಳಿಂದ ಬೇರೆ ಮಾಡುವ ಕೆಲಸದಲ್ಲಿದ್ದಳು. ಹೋಗುವಾಗ ಬೆಳಗಿನ ಐದು ಗಂಟೆಯ ಬಸ್ಸು, ಬರುವಾಗ ರಾತ್ರಿ ಎಂಟು ಗಂಟೆಯದು. ಹೊರಡುವಾಗ ಮಗಳು ನಿದ್ದೆಯಲ್ಲಿ, ಬಂದಾಗಲೂ ನಿದ್ದೆಯಲ್ಲಿ. "ನಮ್ಮಮ್ಮ ಭಾನುವಾರ ಭಾನುವಾರ ಬರ್ತಾಳೆ" ಎಂದು ಆ ಮಗು ಶಾಲೆಯಲ್ಲಿ ಹೇಳಿಕೊಂಡಿತ್ತು.

"ಹಾಲು ಒಲೆ ಮೇಲಿಟ್ರೆ ಉಕ್ಕಿಸಿಬಿಡ್ತಾಳೆ. ಇವಳು ಊರಿಗೆಲ್ಲ ಬೆಂಕಿ ಪಾಠ ಹೇಳ್ತಾಳಂತೆ" ಎಂದು ಅವಳ ಅತ್ತೆ ಬೀದಿಯುದ್ದಕ್ಕೂ ಹೇಳಿ ಬಂದಳು. ಹೇಳಿ ಬಂದು ಮೊದಲ ದಿನವೇ ಮೊದಲ ಬೆಂಚಿನಲ್ಲಿ ಕೂತಳು. ತಪ್ಪು ಹಿಡಿಯಲಿಕ್ಕೆ ಎಂದಳು. ಎರಡು ವರ್ಷ ಒಂದು ಪಾಠವನ್ನೂ ತಪ್ಪಿಸಲಿಲ್ಲ.

ಬೆಂಕಿ ಟೀಚರ್ ಎಂದು ನಾವು ಹೆಸರಿಟ್ಟೆವು. ಶಾಲೆಯ ಹಿಂದಿನ ಕೋಣೆಯಲ್ಲಿ ತಟ್ಟೆ ತುಂಬ ಒಣಹುಲ್ಲಿಟ್ಟು, ಕಡ್ಡಿ ಗೀರಿ, ಅದರ ಮುಂದೆ ಟೇಬಲ್ ಫ್ಯಾನ್ ಹಾಕಿ ತೋರಿಸುತ್ತಿದ್ದಳು. "ಐದು ನಿಮಿಷಕ್ಕೆ ಇದು ಗೋಣಿಚೀಲದ ಕೆಲಸ. ಅರ್ಧ ಗಂಟೆಗೆ ಲಾರಿ ಕೆಲಸ. ಒಂದು ಗಂಟೆ ಆದ್ಮೇಲೆ ದೇವರ ಕೆಲಸ. ದೇವರಿಗೆ ಬೇರೆ ಊರುಗಳೂ ಇವೆ. ಅದಕ್ಕೇ ಮೊದಲು ಫೋನ್ ಮಾಡಿ, ಆಮೇಲೆ ಬಡೀರಿ."

ಅವಳು ಹೇಳಿದ್ದೆಲ್ಲ ಮಾಡಿದೆವು. ಮನೆಯ ಸುತ್ತ ಹತ್ತು ಹೆಜ್ಜೆ ಹುಲ್ಲು ಕೊಯ್ದೆವು. ಬೂದಿಯನ್ನು ನೆನೆಸಿ ಚೆಲ್ಲಿದೆವು. ಗಾಳಿ ಬೀಸುವಾಗ ಕಸ ಸುಡುವುದು ಬಿಟ್ಟೆವು. ಫೋನ್ ಮಾತ್ರ ಮಾಡಲಿಲ್ಲ. ಮಾನ ಬಿಟ್ಟವರ ಹಾಗೆ ಅಪರಿಚಿತರಿಗೆ ಫೋನ್ ಮಾಡಿ ನಮ್ಮ ಹಿತ್ತಲು ಹತ್ತಿಕೊಂಡಿದೆ ಎನ್ನುವುದೇ? ಎಂಟು ತಿಂಗಳಾದ ಮೇಲೆ ಕ್ಷೌರದಂಗಡಿಯವನು ಮೊದಲ ಫೋನ್ ಮಾಡಿದ. ಬಾಯಿಗೆ ಟವೆಲ್ ಅಡ್ಡ ಹಿಡಿದು ಪಿಸುಗುಟ್ಟಿದ. ಯಾರು ಮಾತಾಡುವುದು ಎಂದದ್ದಕ್ಕೆ ಪಕ್ಕದ ಮನೆಯವನ ಹೆಸರು ಹೇಳಿದ. ಆದರೂ ಲಾರಿ ಬಂತು, ಯಾರೂ ನಗಲಿಲ್ಲ, ಆಕಾಶ ಬೀಳಲಿಲ್ಲ. ಆಮೇಲೆ ನಮಗೆ ಅದರ ರುಚಿ ಹತ್ತಿತು. ಚಾಪೆಯಷ್ಟು ಹುಲ್ಲು ಸುಟ್ಟರೂ ಫೋನ್, ಮೊರದಷ್ಟು ಸುಟ್ಟರೂ ಫೋನ್. ಒಟ್ಟು ನಲವತ್ತೊಂದು ಬೆಂಕಿ. ಎರಡು ವರ್ಷದಲ್ಲಿ ಗುಡ್ಡಕ್ಕೆ ಒಂದೂ ಹತ್ತಲಿಲ್ಲ. ಅಜ್ಜಂದಿರ ಕಾಲದಿಂದಲೂ ಹಾಗಾದದ್ದಿಲ್ಲ.

ಟ್ರಸ್ಟಿನ ಕಾಗದ ಬಂದದ್ದು ಸೋಮವಾರ. ಬೆಂಕಿ ಟೀಚರ್ ಅದನ್ನು ಟೈಲರ್ ಅಂಗಡಿಯಲ್ಲಿ ನಿಂತು ಓದಿದಳು. ಅಗ್ನಿಶಾಮಕ ಠಾಣೆಯ ಪುಸ್ತಕದ ಪ್ರಕಾರ ಪಾಠಕ್ಕೆ ಮುಂಚೆ ಬೆಂಕಿ ಎರಡು. ಪಾಠ ಶುರುವಾದ ಮೇಲೆ ನಲವತ್ತೊಂದು. ಪಾಠದಿಂದ ಬೆಂಕಿ ಇಪ್ಪತ್ತು ಪಟ್ಟು ಹೆಚ್ಚಿರುವಂತೆ ಕಾಣುವುದರಿಂದ ಮುಂದಿನ ವರ್ಷದ ಹಣ ನಿಲ್ಲಿಸುವ ಆಲೋಚನೆ ಇದೆ. ಗುರುವಾರ ಒಬ್ಬ ಅಧಿಕಾರಿ ಬಂದು ಕಣ್ಣಾರೆ ನೋಡುತ್ತಾರೆ.

ಗಂಡ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟ. "ಅಂದ್ರೆ, ನೀನು ಬೆಂಕಿ ಹಚ್ಚೋದು ಹೇಳಿಕೊಟ್ಟಿದೀಯ ಅಂತಾನಾ?"

"ಲೆಕ್ಕದ ಪ್ರಕಾರ ಹೌದು."

"ಹಣ ನಿಂತ್ರೆ?"

"ನಿಂತ್ರೆ ಏನು. ಫ್ಯಾಕ್ಟರೀಲಿ ಜಾಗ ಖಾಲಿ ಇದೆಯಂತೆ. ಈಗ ಮೂರು ತೂತಿಂದೂ ಶುರು ಮಾಡಿದಾರಂತೆ." ನಗಲು ನೋಡಿದಳು. ಆಗಲಿಲ್ಲ. ಮಗಳು ಅಂಗಡಿಯ ನೆಲದ ಮೇಲೆ ಬಟ್ಟೆಯ ಚೂರು ಜೋಡಿಸುತ್ತ ಕೂತಿತ್ತು. ಅವತ್ತು ಭಾನುವಾರವಲ್ಲ.

ಅತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಜನ್ಮದಲ್ಲಿ ಮೊದಲ ಸಲ ಕ್ಷೌರದಂಗಡಿಯೊಳಗೆ ಕಾಲಿಟ್ಟಳು. ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದ ಬಡಗಿಗೆ ಕುರ್ಚಿಯಿಂದ ಏಳಬೇಕೋ ಬೇಡವೋ ತಿಳಿಯಲಿಲ್ಲ.

"ಕೂತ್ಕೊಳಪ್ಪ, ನಿನ್ನ ಮುಖ ನೋಡೋಕೆ ಬಂದಿಲ್ಲ" ಎಂದಳು. "ನಿಮ್ಮ ಫೋನುಗಳಿಂದ ನನ್ನ ಸೊಸೆ ಕೆಲಸ ಹೋಗ್ತಿದೆ. ಬೀಡಿ ತುಂಡು ಬಿದ್ರೂ ಫೋನ್, ಬೆಕ್ಕು ಸೀನಿದ್ರೂ ಫೋನ್. ಗುರುವಾರ ಆ ಮನುಷ್ಯ ಬಂದು ಹೋಗೋ ತನಕ ಈ ಊರಲ್ಲಿ ಬೆಂಕಿ ಬೀಳೋ ಹಾಗಿಲ್ಲ. ಬಿದ್ರೂ ಬಿದ್ದಿಲ್ಲ. ತಿಳೀತಾ?"

ನಮಗೆ ಚೆನ್ನಾಗಿ ತಿಳಿಯಿತು. ನೂರಾರು ವರ್ಷ ಮಾಡಿಕೊಂಡು ಬಂದದ್ದನ್ನೇ ಮೂರು ದಿನ ಮಾಡಬೇಕು, ಅಷ್ಟೇ.

"ಊರೂ ಒಂಚೂರು ಚೊಕ್ಕಟ ಕಾಣ್ಬೇಕು" ಎಂದ ಬಡಗಿ, ನೊರೆಯೊಳಗಿಂದ. "ಅದು ನನಗೆ ಬಿಡಿ ಅಕ್ಕ."

ಗುರುವಾರ ಹನ್ನೆರಡರ ಬಸ್ಸಿಗೆ ಅಧಿಕಾರಿ ಬಂದ. ಕಂಕುಳಲ್ಲಿ ಫೈಲು, ಸೆಖೆಯಲ್ಲೂ ಕೋಟು, ಬಸ್ಸಿನಲ್ಲಿ ಹೊಟ್ಟೆ ತೊಳಸಿದವನ ಮುಖ. ಕೆಟ್ಟವನೇನಲ್ಲ. ಶಾಲೆಯ ಕೋಣೆಗೆ ಬಂದವನೇ ಚಿಕ್ಕ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತು, "ನನಗೆ ಎರಡು ಮನೆ ತುಂಬಿಸ್ಬೇಕು ಅಷ್ಟೇ ತಾಯಿ" ಎಂದು ಬೆಂಕಿ ಟೀಚರಿಗೆ ಫಾರಮ್ಮು ತೋರಿಸಿದ. ಒಂದು ಚೌಕದ ಮೇಲೆ 'ಪಾಠಕ್ಕೆ ಮುಂಚೆ', ಇನ್ನೊಂದರ ಮೇಲೆ 'ಪಾಠದ ನಂತರ'. "ಬೇರೆ ಏನು ಬರೆದ್ರೂ ಮೇಲಿನವರು ಓದಲ್ಲ."

ನಾವು ನಲವತ್ತು ಜನ ಗೋಡೆಗೊರಗಿ ನಿಂತಿದ್ದೆವು. ಅವನು ನಮ್ಮ ಕಡೆ ತಿರುಗಿದ. "ಈ ವಾರ ಬೆಂಕಿ ಏನಾದ್ರೂ?"

"ಬೆಂಕಿ?" ಎಂದ ಕ್ಷೌರದವನು, ಆ ಪದ ಅದೇ ಮೊದಲು ಕೇಳಿದವನ ಹಾಗೆ.

"ನಮ್ಮನೇಲಿ ಒಲೆ ಹಚ್ಚೇ ಮೂರು ದಿನ ಆಯ್ತು ಸಾರ್" ಎಂದ ಇನ್ನೊಬ್ಬ. ಅವನ ಹೆಂಡತಿ ಅವನ ಪಕ್ಕೆಗೆ ತಿವಿದಳು.

ಬೆಂಕಿ ಟೀಚರ್ ನಮ್ಮನ್ನೇ ನೋಡುತ್ತಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ನಾವು ಇಷ್ಟು ದಡ್ಡರಾಗಿರುವುದನ್ನು ಅವಳೆಂದೂ ನೋಡಿರಲಿಲ್ಲ. ಎರಡು ವರ್ಷದ ಶ್ರಮ ಒಂದೇ ಗಂಟೆಯಲ್ಲಿ ನಮ್ಮ ತಲೆಯಿಂದ ಹೇಗೆ ಇಳಿದುಹೋಯಿತೆಂದು ಅವಳ ಹಣೆಯ ಗೆರೆಗಳು ಲೆಕ್ಕ ಹಾಕುತ್ತಿದ್ದವು.

ಆಗ ಕಿಟಕಿಯಲ್ಲಿ ಹೊಗೆ ಕಂಡಿತು. ಜೇನು ಸಾಕುವವನ ಗುಡಿಸಲ ಹಿಂದೆ, ಹುಲ್ಲಿನ ಅಂಚಿನಲ್ಲಿ, ಮೊದಲು ಬಿಳಿ ಎಳೆ, ಆಮೇಲೆ ಕಂಬಳಿಯ ಬಣ್ಣ.

ನಲವತ್ತು ಜನ ಒಟ್ಟಿಗೆ ಬೇರೆ ಕಡೆ ನೋಡಿದೆವು.

"ಅದೇನದು?" ಎಂದ ಅಧಿಕಾರಿ.

"ಮಂಜು" ಎಂದ ಕ್ಷೌರದವನು.

"ಮಧ್ಯಾಹ್ನ ಒಂದು ಗಂಟೆಗಾ?"

"ಇಲ್ಲಿ ಸ್ವಲ್ಪ ತಡವಾಗಿ ಬೀಳುತ್ತೆ ಸಾರ್."

"ಜೇನಿಗೆ ಹೊಗೆ ಹಾಕ್ತಿರ್ಬೇಕು" ಎಂದಳೊಬ್ಬಳು. ಜೇನು ಸಾಕುವವನು ಅವಳ ಪಕ್ಕದಲ್ಲೇ ನಿಂತಿದ್ದ. "ನಾನೇ ಹಾಕ್ತಿದೀನಿ" ಎಂದ, ಹಿಂದುಮುಂದು ನೋಡದೆ.

ಅತ್ತೆ ಎದ್ದುಹೋಗಿ ಕಿಟಕಿ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. "ಧೂಳು ಬರುತ್ತೆ. ನೀವು ಬರ್ಕೊಳಿ ಸಾರ್."

ಬೆಂಕಿ ಟೀಚರಿಗೆ ಅಷ್ಟರಲ್ಲಿ ಎಲ್ಲವೂ ಅರ್ಥವಾಗಿತ್ತು. ಅವಳು ಫೋನ್ ಕೈಗೆತ್ತಿಕೊಂಡಳು.

"ಬೇಡ ಕಣೇ" ಎಂದಳು ಅತ್ತೆ, ತುಟಿ ಅಲುಗಿಸದೆ. "ನಲವತ್ತೆರಡಾಗುತ್ತೆ. ಇವನ ಕಣ್ಮುಂದೇನೇ. ಐದು ಗಂಟೆ ಬಸ್ಸು ನೆನಪಿದೆಯಾ? ಮಗು ನೆನಪಿದೆಯಾ? ನಾವು ಹೋಗಿ ಸದ್ದಿಲ್ಲದೆ ಬಡಿದು ಬರ್ತೀವಿ."

"ಅತ್ತೆ, ಗಾಳಿ ಎತ್ತ ಬೀಸ್ತಿದೆ ಹೇಳಿ."

ಮೊದಲ ಬೆಂಚಿನ ವಿದ್ಯಾರ್ಥಿನಿ. ಉತ್ತರ ಬಾರದೇ ಇರುತ್ತದೆಯೇ? ಗಾಳಿ ಕೆಳಗಿನಿಂದ ಮೇಲಕ್ಕೆ, ಹುಲ್ಲಿನ ಕಡೆಗೆ, ಕಾಡಿನ ಕಡೆಗೆ ಬೀಸುತ್ತಿತ್ತು. ಅತ್ತೆ ಕಿಟಕಿ ಬಿಟ್ಟು ಪಕ್ಕಕ್ಕೆ ಸರಿದಳು.

ಬೆಂಕಿ ಟೀಚರ್ ಫೋನ್ ಮಾಡಿದಳು. ಪಿಸುಗುಟ್ಟಲಿಲ್ಲ. ಊರು, ದಾರಿ, ಗಾಳಿ, ಬೆಂಕಿಯ ಅಗಲ ಎಲ್ಲವನ್ನೂ ಪಾಠದಲ್ಲಿ ಹೇಳಿಕೊಟ್ಟ ಕ್ರಮದಲ್ಲೇ ಹೇಳಿ, ತನ್ನದೇ ಹೆಸರು ಹೇಳಿ, ಇಟ್ಟಳು. "ಇನ್ನೂ ಯಾಕೆ ನಿಂತಿದೀರಿ?" ಎಂದಳು.

ನಾವು ಓಡಿದೆವು. ಬಾವಿಯ ಹತ್ತಿರ ಇಬ್ಬರು, ಚೀಲ ನೆನೆಸಲು ನಾಲ್ವರು, ಬೆಂಕಿಗಿಂತ ಮುಂದೆ ಹೋಗಿ ಹುಲ್ಲು ಕೊಯ್ಯಲು ಎಂಟು ಜನ. ಯಾರೂ ಯಾರಿಗೂ ಅಡ್ಡ ಬರಲಿಲ್ಲ. ಎರಡು ವರ್ಷದ ಪಾಠ ಕಾಲಿನಲ್ಲಿ ಇತ್ತು, ತಲೆಯನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ಅಧಿಕಾರಿಯೂ ಓಡಿ ಬಂದು ಕೋಟು ಬಿಚ್ಚಿ ಬಡಿಯತೊಡಗಿದ. "ಒಣ ಕೋಟಲ್ಲಿ ಬಡಿದ್ರೆ ಕಿಡಿ ಹಾರುತ್ತೆ ಸಾರ್!" ಎಂದು ಅತ್ತೆ ಅದನ್ನು ಕಿತ್ತುಕೊಂಡು ಬಕೆಟ್ಟಿಗೆ ಅದ್ದಿ, ಹಿಂಡಿ, ವಾಪಸು ಕೊಟ್ಟಳು. ಹದಿನೆಂಟು ನಿಮಿಷದಲ್ಲಿ ಆರಿತು. ಲಾರಿ ಬರುವಾಗ ಎರಡು ಮಂಚದಷ್ಟು ಕಪ್ಪು ನೆಲ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಲಾರಿಯವರು ಅದರ ಮೇಲೆ ಇನ್ನಷ್ಟು ನೀರು ಹಾಕಿ ಹೋದರು.

ಅಧಿಕಾರಿ ಕಲ್ಲಿನ ಮೇಲೆ ಕೂತು ಫೈಲು ತೆರೆದ. ಮೂಗಿನ ಮೇಲೆ ಮಸಿ. "ಕಾರಣ ಏನು ಅಂತ ಬರೀಬೇಕು" ಎಂದ.

ಬಡಗಿ ಮುಂದೆ ಬಂದ. "ಬೆಳಿಗ್ಗೆ ಬೀದಿ ಎಲ್ಲ ಗುಡಿಸಿ ಎಲೆ ಇಲ್ಲಿಗೆ ತಂದು ಸುಟ್ಟೆ ಸಾರ್. ಆರಿತ್ತು ಅಂದ್ಕೊಂಡೆ."

"ಯಾಕ್ರೀ ಸುಡೋಕೆ ಹೋದ್ರಿ ಇಷ್ಟು ಗಾಳೀಲಿ?"

"ತಾವು ಬರ್ತೀರಿ ಅಂತ ಸಾರ್."

ಅಧಿಕಾರಿ ಕಾರಣದ ಜಾಗವನ್ನು ಖಾಲಿ ಬಿಟ್ಟ. ಎರಡನೆಯ ಚೌಕದಲ್ಲಿ ನಲವತ್ತೆರಡು ಎಂದು ಬರೆದ. ಬರೆದು ಬೆಂಕಿ ಟೀಚರನ್ನು ನೋಡಿದ. "ನಿಮ್ಮ ಜನ ಬಡಿದದ್ದು ನೋಡಿದೆ ತಾಯಿ. ನಮ್ಮ ಆಫೀಸಿಗೆ ಬೆಂಕಿ ಬಿದ್ರೆ ನಿಮಗೇ ಹೇಳಿ ಕಳಿಸ್ತೀನಿ. ಆದ್ರೆ ಎರಡಕ್ಕೂ ನಲವತ್ತೆರಡಕ್ಕೂ ನಾನೇನು ಮಾಡ್ಲಿ?"

"ಆ ಎರಡು ಸುಳ್ಳು ಸಾರ್" ಎಂದಳು ಅವಳು.

"ಠಾಣೆ ಪುಸ್ತಕದಲ್ಲಿ ಇರೋದೇ ಅಷ್ಟು. ಬೇರೆ ಬಿದ್ದಿದ್ರೆ, ಯಾರಲ್ಲಿ ಬಿತ್ತೋ ಅವರೇ ಹೇಳ್ಬೇಕು. ಸಹಿ ಹಾಕ್ಬೇಕು."

ಅವಳು ನಮ್ಮ ಕಡೆ ತಿರುಗಿದಳು. ಏನೂ ಕೇಳಲಿಲ್ಲ. ಕೇಳುವುದು ಮರ್ಯಾದೆಯಲ್ಲವೆಂದು ಅವಳಿಗೂ ಗೊತ್ತು. ಅವಳೂ ಇದೇ ಬೀದಿಯವಳು. ನಾವು ನಮ್ಮ ನಮ್ಮ ಕಾಲಿನ ಹೆಬ್ಬೆರಳು ನೋಡಿಕೊಂಡೆವು. ಹೊಸ ಬೆಂಕಿಯನ್ನು ಫೋನಿನಲ್ಲಿ ಮುಖ ಕಾಣದವರಿಗೆ ಹೇಳುವುದು ಒಂದು. ಹಳೆಯದನ್ನು ಅಕ್ಕಪಕ್ಕದವರ ಮುಂದೆ ತೆಗೆಯುವುದೆಂದರೆ ನಡುಬೀದಿಯಲ್ಲಿ ಉಟ್ಟ ಬಟ್ಟೆ ಬಿಚ್ಚಿದಂತೆ. ಯಾರೋ ಕೆಮ್ಮಿದರು. "ಸೆಖೆ ಜಾಸ್ತಿ" ಎಂದರು ಇನ್ಯಾರೋ.

ಬೆಂಕಿ ಟೀಚರ್ ಖಾಲಿ ಬಕೆಟ್ಟುಗಳನ್ನು ಒಂದರೊಳಗೊಂದು ಇಡತೊಡಗಿದಳು. ನಾಳೆ ಅವು ಬೇಕಾಗುವುದಿಲ್ಲ ಎಂಬಂತೆ ಇಡುತ್ತಿದ್ದಳು.

"ಹನ್ನೊಂದು ವರ್ಷದ ಹಿಂದೆ" ಎಂದಳು ಅತ್ತೆ.

ಎಲ್ಲರೂ ತಲೆಯೆತ್ತಿದೆವು.

"ಇಸ್ತ್ರಿಪೆಟ್ಟಿಗೆ ಕೆಂಡ ಹಿತ್ತಲಿಗೆ ಸುರಿದೆ. ಆರಿಸ್ಲಿಲ್ಲ. ಒಳಗೆ ಹೋಗಿ ಬರೋಷ್ಟರಲ್ಲಿ ಪಕ್ಕದ ಮರದ ರಾಶಿ ಹತ್ಕೊಂಡಿತ್ತು." ಅವಳು ಬಡಗಿಯನ್ನು ನೋಡಲಿಲ್ಲ. "ಬರ್ಕೊಳಿ ಸಾರ್. ಮೂರು."

ಬಡಗಿಯ ಬಾಯಿ ತೆರೆದೇ ಇತ್ತು. "ಅದು ನೀವಾ ಅಕ್ಕ? ಹೊಸ ಬಾಗಿಲಿಗೆ ಅಂತ ಎರಡು ವರ್ಷ ಒಣಗಿಸಿದ್ದ ಹಲಗೆ! ಅದು ಈ ಜೇನಿನವನ ಹೊಗೆಯಿಂದ ಅಂತ ನಾನು..."

"ನನ್ನಿಂದ ಅಂತಾನಾ?" ಜೇನು ಸಾಕುವವನು ಗುಂಪನ್ನು ಸೀಳಿಕೊಂಡು ಬಂದ. "ಅದಕ್ಕಾ ನೀನು ಹನ್ನೊಂದು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದು? ನಿನ್ನ ಮಗಳ ಮದುವೆಗೆ ಕೊಟ್ಟ ಜೇನು ಕೆಟ್ಟಿತ್ತೇನೋ ಅಂತ ನಾನು ಕೊರಗಿ ಕೊರಗಿ ಸತ್ತೆ! ಒಂದು ಮಾತು ಕೇಳ್ಬಾರ್ದಿತ್ತಾ?"

"ಹೇಗಪ್ಪಾ ಕೇಳೋದು, ಮರ್ಯಾದೆ ಬಿಟ್ಟು?"

"ಮರ್ಯಾದೆಯಂತೆ! ನಿನ್ನ ಮರದ ಹೊಟ್ಟು ನನ್ನ ನಾಲ್ಕು ಜೇನುಪೆಟ್ಟಿಗೆ ಸುಡ್ತಲ್ಲ, ಅದಕ್ಕೆ ನಾನು ಮಾತು ಬಿಟ್ನಾ?"

"ಹೊಟ್ಟು ಸುಟ್ಟಿದ್ದು ನಾನು ಅಂತ ನಿನಗೆ ಹೇಗೆ ಗೊತ್ತು?" ಎಂದ ಬಡಗಿ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ.

"ನಾಲ್ಕು" ಎಂದು ಅಧಿಕಾರಿ ಬರೆದುಕೊಂಡ.

ಅಲ್ಲಿಂದ ಮುಂದೆ ಕಟ್ಟೆ ಒಡೆಯಿತು. ಕ್ಷೌರದವನು ಕತ್ತರಿಸಿದ ಕೂದಲಿನ ಮೂಟೆ ಸುಡಲು ಹೋಗಿ ಶಾಲೆಯ ಬೇಲಿ ಸುಟ್ಟದ್ದನ್ನು ಒಪ್ಪಿಕೊಂಡ. ಆ ಬೇಲಿಗಾಗಿ ಏಟು ತಿಂದಿದ್ದ ಮೂವರು, ಈಗ ನಲವತ್ತು ದಾಟಿದ ಗಂಡಸರು, ಅವನನ್ನು ಸುತ್ತುವರಿದರು. "ಮುಂಚೆ ಅಂದ್ರೆ ಎಷ್ಟು ಮುಂಚೆ ಸಾರ್?" ಎಂದು ಒಬ್ಬ ಮುದುಕ ಕೇಳಿದ. ಅಧಿಕಾರಿ ಫಾರಮ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಬರೆದಿಲ್ಲ" ಎಂದ. ಮುದುಕ ತನ್ನ ಅಜ್ಜನ ಬೆಂಕಿಗಳನ್ನೂ ಸೇರಿಸಿದ. ಗಂಡನ ಬೆಂಕಿಯನ್ನು ಹೆಂಡತಿ ಹೇಳಿದಳು, ಹೆಂಡತಿಯದನ್ನು ನಾದಿನಿ ಹೇಳಿದಳು. "ಅದು ಬೆಂಕಿ ಅಲ್ಲ, ಬರೀ ಹೊಗೆ!" "ಹೊಗೆಗೆ ನನ್ನ ಎಮ್ಮೆ ಕೊಟ್ಟಿಗೆ ಬೂದಿ ಆಯ್ತಾ?" ಇಪ್ಪತ್ತನೆಯದಕ್ಕೆ ಬಂದಾಗ ಇಬ್ಬರು ಕೈ ಕೈ ಮಿಲಾಯಿಸಿದ್ದರು. ಮೂವತ್ತೈದಕ್ಕೆ ಅಧಿಕಾರಿಯ ಕಾಗದ ಮುಗಿದು, ಶಾಲೆಯಿಂದ ಕಾಪಿ ಪುಸ್ತಕ ತರಿಸಿದರು. ಸಂಜೆ ಐದರ ಬಸ್ಸಿಗೆ ಅವನು ಹೊರಡುವಾಗ ಮೊದಲ ಚೌಕದಲ್ಲಿ ನೂರಾ ಹದಿನಾರು ಇತ್ತು. ಬಸ್ಸಿನ ಕಿಟಕಿಯ ಹತ್ತಿರಕ್ಕೂ ಓಡಿ ಬಂದು ಒಬ್ಬಳು ನೂರಾ ಹದಿನೇಳನೆಯದನ್ನು ಹೇಳಿದಳು.

ಟ್ರಸ್ಟಿನ ಉತ್ತರ ಮೂರು ವಾರಕ್ಕೆ ಬಂತು. ಪಾಠದಿಂದ ಬೆಂಕಿ ಮೂರರಲ್ಲಿ ಒಂದು ಪಾಲಿಗೆ ಇಳಿದಿರುವುದು ಸಂತೋಷದ ವಿಷಯ. ಇನ್ನೊಂದು ವರ್ಷ ಹಣ ಕೊಡಲಾಗುವುದು. ಟೈಲರ್ ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡೇ ನಕ್ಕ, ಒಂದು ಚುಚ್ಚಿಕೊಂಡಿತು.

ತೊಂದರೆಯೆಂದರೆ, ಊರಿನಲ್ಲಿ ಯಾರಿಗೂ ಯಾರ ಮುಖವೂ ಆಗುತ್ತಿರಲಿಲ್ಲ. ನೂರಾ ಹದಿನೇಳು ಬೆಂಕಿಗೆ ನೂರಾ ಹದಿನೇಳು ಜಗಳ. ಸುಟ್ಟವರ ಜೊತೆ ಸುಡಿಸಿಕೊಂಡವರು ಒಂದೇ ಕೋಣೆಯಲ್ಲಿ ಕೂರಲು ಒಪ್ಪಲಿಲ್ಲ. ಹೆಚ್ಚಿನವರು ಎರಡೂ ಆಗಿದ್ದರಿಂದ ಲೆಕ್ಕ ಇನ್ನೂ ಕಷ್ಟವಾಯಿತು. ಬೆಂಕಿ ಟೀಚರ್ ಅದೇ ಸಂಬಳಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದು ಪಾಠ ಶುರು ಮಾಡಿದಳು. ಜೇನು ಸಾಕುವವನು ಮಾತ್ರ ಎರಡಕ್ಕೂ ಬರುತ್ತಿದ್ದ. ಹನ್ನೊಂದು ವರ್ಷ ನಿರಪರಾಧಿಯಾಗಿದ್ದವನಿಗೆ ಎಲ್ಲರ ಮುಖ ನೋಡುವ ಹಕ್ಕಿದೆ ಎಂದ.

ಆದರೆ ಸಾಲು ನಿಂತು ಬಕೆಟ್ಟು ಸಾಗಿಸುವ ಅಭ್ಯಾಸಕ್ಕೆ ಮೂವತ್ತು ಜನ ಬೇಕು. ಒಂದೊಂದು ಪಾಠದಲ್ಲಿ ಅಷ್ಟು ಜನ ಇರಲಿಲ್ಲ. ಆ ಒಂದು ದಿನ ಎರಡೂ ಪಾಠದವರನ್ನು ಅವಳು ಬಾವಿಯ ಹತ್ತಿರ ನಿಲ್ಲಿಸಿದಳು. ಯಾರ ಪಕ್ಕ ಯಾರು ಎಂದು ಕೇಳಲಿಲ್ಲ, ತೋಳು ಹಿಡಿದು ಎಳೆದು ನಿಲ್ಲಿಸಿದಳು. ಅತ್ತೆಯ ಪಕ್ಕಕ್ಕೆ ಬಡಗಿ ಬಂದ.

ಬಕೆಟ್ಟು ಕೈಯಿಂದ ಕೈಗೆ ಬಂತು. ಅತ್ತೆ ಅದನ್ನು ಚಾಚಿದಳು. ಬಡಗಿ ಆಕಾಶ ನೋಡುತ್ತ ತೆಗೆದುಕೊಂಡು ಮುಂದೆ ಕೊಟ್ಟ. ಎರಡನೆಯದೂ ಹಾಗೆಯೇ. ಮೂರನೆಯದು ಅವನ ಕಾಲಿನ ಮೇಲೆ ಚೆಲ್ಲಿತು.

"ಅಕ್ಕ, ನೋಡ್ಕೊಂಡು ಕೊಡಿ" ಎಂದ.

"ನೀನು ಇತ್ತ ನೋಡಿದ್ರೆ ಚೆಲ್ತಿರ್ಲಿಲ್ಲ" ಎಂದಳು ಅತ್ತೆ.

ಬಡಗಿ ನೋಡಿದ.

"ನಿಲ್ಲಿಸ್ಬೇಡಿ, ನಿಲ್ಲಿಸ್ಬೇಡಿ, ಹಿಂದೆ ಬಕೆಟ್ಟು ಸೇರ್ಕೊಳ್ತಿದೆ!" ಎಂದು ಬೆಂಕಿ ಟೀಚರ್ ಕೂಗಿದಳು.